ಗುಲಾಬಿ ತೋಟದ ಮಾಟಗಾತಿ

ಅಜ್ಜಿ ಹೇಳುವ ಕಥೆಯಲ್ಲಿ ರಾಕ್ಷಸಿಗೆ ತವರೆಂಬುದಿಲ್ಲ. ಆಕೆ ಎಲ್ಲಿಂದಲೋ ಬಂದು ಕಾಡಿನ ನಡುವೆ ಬೀಡುಬಿಡುತ್ತಾಳೆ, ದಾರಿಹೋಕರನ್ನು ನುಂಗುತ್ತಾಳೆ, ಕೊನೆಗೊಂದು ದಿನ ರಾಜಕುಮಾರನ ಕತ್ತಿಗೆ ಬಲಿಯಾಗುತ್ತಾಳೆ. ಕಥೆ ಮುಗಿಯುವ ವೇಳೆಗೆ ಮಗುವಿಗೆ ನಿದ್ರೆ ಬಂದಿರುತ್ತದೆ. ಆ ರಾಕ್ಷಸಿಯೂ ಒಂದು ಕಾಲಕ್ಕೆ ಯಾರದೋ ಮಗಳಾಗಿದ್ದಳೇ ಎಂದು ಕೇಳುವ ಮಗು ಅಪರೂಪ. ಕೇಳಿದರೂ "ಸುಮ್ಮನೆ ಮಲಗು" ಎಂಬುದಕ್ಕಿಂತ ಹೆಚ್ಚಿನ ಉತ್ತರ ಅದಕ್ಕೆ ದೊರೆಯುವುದಿಲ್ಲ.

2011ರಲ್ಲಿ ಜಪಾನಿನ ಟೆಲಿವಿಷನ್ನಿನಲ್ಲಿ ಪ್ರಸಾರವಾದ ಒಂದು ಚಿತ್ರಮಾಲೆ ಆ ಅಪರೂಪದ ಮಗುವಿನ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು. ಅದರ ಹೆಸರು 'ಮಾಹೋ ಶೋಜೋ ಮದೋಕಾ ಮಾಗಿಕಾ'. ಹನ್ನೆರಡೇ ಕಂತುಗಳ ಈ ಮಾಲೆಯಲ್ಲಿ ಮಾಟಗಾತಿಯರು ಅನೇಕರು ಬಂದುಹೋಗುತ್ತಾರೆ. ನಗರವನ್ನೇ ನೆಲಸಮಮಾಡಬಲ್ಲ ಮಹಾಮಾಟಗಾತಿಯೊಬ್ಬಳು ಕೊನೆಯಲ್ಲಿ ಬರುತ್ತಾಳೆ. ಕೀರ್ತಿಯೆಲ್ಲ ಆಕೆಯ ಪಾಲಿಗೆ ಸೇರಿತು. ಆದರೆ ಎಲ್ಲರಿಗಿಂತ ಮೊದಲು ಬಂದು, ಎರಡು ಕಂತುಗಳೊಳಗೆ ಗುಂಡಿಗೆ ಸಿಕ್ಕಿ ಮರೆಯಾಗುವ ಒಬ್ಬ ಸಣ್ಣ ಮಾಟಗಾತಿ ಇದ್ದಾಳೆ. ಗೆರ್ಟ್ರೂಡ್ ಎಂಬುದು ಅವಳ ಹೆಸರು. ಗುಲಾಬಿ ತೋಟದ ಮಾಟಗಾತಿ ಎಂಬುದು ಬಿರುದು. ಇಡೀ ಕಥೆಯ ಮರ್ಮವನ್ನು ತಿಳಿಯಬೇಕಾದರೆ ಈ ಸಣ್ಣವಳ ಬಳಿಗೇ ಹಿಂದಿರುಗಬೇಕಾಗುತ್ತದೆ.

ಮೊದಲು ಇಂತಹ ಕಥೆಗಳ ಪರಂಪರೆಯನ್ನು ಕುರಿತು ಎರಡು ಮಾತು ಅಗತ್ಯ. ಮಂತ್ರಶಕ್ತಿಯುಳ್ಳ ಹುಡುಗಿಯನ್ನು ನಾಯಿಕೆಯಾಗಿಸಿಕೊಂಡ ಚಿತ್ರಮಾಲೆಗಳು ಜಪಾನಿನಲ್ಲಿ ಹೊಸವೇನಲ್ಲ. 1966ರಲ್ಲಿ ತೆರೆಗೆ ಬಂದ 'ಮಾಹೋತ್ಸುಕಾಯ್ ಸ್ಯಾಲಿ'ಯೇ ಆ ಸಾಲಿನ ಮೊದಲನೆಯದೆಂದು ಸಾಮಾನ್ಯವಾಗಿ ಎಣಿಸಲಾಗುತ್ತದೆ. ಮಂತ್ರಲೋಕದ ರಾಜಕುಮಾರಿಯೊಬ್ಬಳು ಮನುಷ್ಯರ ನಡುವೆ ಬಂದು ನೆಲಸಿ ತನ್ನ ಗುಟ್ಟನ್ನು ಕಾಪಾಡಿಕೊಳ್ಳುವ ನಗೆಗಥೆ ಅದು. 1992ರಲ್ಲಿ 'ಸೈಲರ್ ಮೂನ್' ಬಂದಮೇಲೆ ಮಂತ್ರದ ಹುಡುಗಿಯರು ಗುಂಪುಗೂಡಿ ದುಷ್ಟಶಕ್ತಿಗಳೊಡನೆ ಹೋರಾಡುವ ಪದ್ಧತಿ ಬಲವಾಗಿ ಬೇರೂರಿತು. ಶಾಲೆಗೆ ಹೋಗುವ ಹುಡುಗಿ, ಮಾತನಾಡುವ ಮುದ್ದಾದ ಪ್ರಾಣಿ, ಬಣ್ಣಬಣ್ಣದ ಉಡುಪು, ವಾರಕ್ಕೊಂದು ಪಿಶಾಚಿಯ ಸಂಹಾರ: ಈ ಅಚ್ಚಿನಲ್ಲಿ ಎಷ್ಟೋ ಕಥೆಗಳು ತಯಾರಾದವು, ಎಷ್ಟೋ ಮಕ್ಕಳು ಅವನ್ನು ನೋಡಿ ಬೆಳೆದರು.

ಮದೋಕಾಳ ಕಥೆಯೂ ಹೊರನೋಟಕ್ಕೆ ಅದೇ ಅಚ್ಚಿನದು. ಕಥೆಯನ್ನು ಬರೆದವರು ಗೆನ್ ಉರೊಬುಚಿ, ನಿರ್ದೇಶಕರು ಅಕಿಯುಕಿ ಶಿನ್‌ಬೊ, ಚಿತ್ರವನ್ನು ಸಿದ್ಧಪಡಿಸಿದ್ದು ಶಾಫ್ಟ್ ಎಂಬ ಸಂಸ್ಥೆ. ಪಾತ್ರಗಳಿಗೆ ದುಂಡುಮುಖ, ಅಗಲವಾದ ಕಣ್ಣುಗಳನ್ನು ಕೊಟ್ಟವರು ಉಮೆ ಆಓಕಿ. ಮಿತಾಕಿಹಾರ ಎಂಬ ಕಲ್ಪಿತ ನಗರದಲ್ಲಿ ಮದೋಕಾ ಕನಾಮೆ ಎಂಬ ಹದಿನಾಲ್ಕರ ಹುಡುಗಿ ಇದ್ದಾಳೆ. ತಾಯಿ ಕಛೇರಿಗೆ ಹೋಗಿ ದುಡಿಯುತ್ತಾಳೆ, ತಂದೆ ಅಡಿಗೆಯನ್ನೂ ಕೈತೋಟವನ್ನೂ ನೋಡಿಕೊಂಡು ಮನೆಯಲ್ಲಿರುತ್ತಾನೆ, ಪುಟ್ಟ ತಮ್ಮನೊಬ್ಬನಿದ್ದಾನೆ. ಇದಕ್ಕಿಂತ ಸುಖವಾದ ಸಂಸಾರ ಬೇಕಾಗಿಲ್ಲ. ಹೀಗಿರಲು ಒಂದು ಸಂಜೆ, ಗೆಳತಿ ಸಾಯಾಕಾಳೊಡನೆ ಅಂಗಡಿಗಳ ಮಳಿಗೆಗೆ ಹೋದ ಮದೋಕಾಳಿಗೆ ಯಾರೋ ನೆರವಿಗಾಗಿ ಮೊರೆಯಿಡುವ ಧ್ವನಿ ಕೇಳಿಸುತ್ತದೆ. ಅದನ್ನರಸುತ್ತ ಆಕೆ ಕಟ್ಟಡದ ಬಳಕೆಯಿಲ್ಲದ ಭಾಗವೊಂದಕ್ಕೆ ಹೋಗುತ್ತಾಳೆ. ಗೆಳತಿಯೂ ಬಂದು ಸೇರುತ್ತಾಳೆ. ಅಲ್ಲಿಂದ ಹೊರಡಬೇಕೆನ್ನುವಷ್ಟರಲ್ಲಿ ಗೋಡೆಗಳು ಕರಗಿ, ದಾರಿಗಳು ಕದಲಿ, ಅವರು ಬೇರೊಂದು ಲೋಕದಲ್ಲಿ ನಿಂತಿರುತ್ತಾರೆ. ಇದೇ ಗೆರ್ಟ್ರೂಡಳ ತೋಟ.

ಈ ತೋಟವನ್ನು ನೋಡಿದವರು ಮರೆಯುವುದು ಕಷ್ಟ. ಮಾಲೆಯ ಉಳಿದ ಭಾಗವೆಲ್ಲ ಕೈಯಲ್ಲಿ ಬರೆದ ಸಾಮಾನ್ಯ ಚಿತ್ರಗಳ ಧಾಟಿಯಲ್ಲಿದ್ದರೆ, ಮಾಟಗಾತಿಯರ ಲೋಕ ಮಾತ್ರ ಕತ್ತರಿಸಿದ ಕಾಗದ, ಹಳೆಯ ಮುದ್ರಿತ ಚಿತ್ರ, ಬಟ್ಟೆಯ ಚೂರು ಇವುಗಳನ್ನು ಅಂಟಿಸಿ ಮಾಡಿದಂತೆ ಕಾಣುತ್ತದೆ. ಇದನ್ನು ರೂಪಿಸಿದವರು ಗೆಕಿದಾನ್ ಇನು ಕರೀ ಎಂಬ ಹೆಸರಿನ ಇಬ್ಬರು ಕಲಾವಿದರ ಜೋಡಿ. ಹೆಸರಿನ ಅರ್ಥ 'ನಾಯಿ ಕರಿ ನಾಟಕ ಮಂಡಲಿ' ಎಂದಾಗುತ್ತದೆ. ಅದರ ವಿನೋದವನ್ನು ಅವರೇ ಬಲ್ಲರು. ಅವರ ಕೈಯಲ್ಲಿ ಗೆರ್ಟ್ರೂಡಳ ತೋಟ ಮುಳ್ಳುಬಳ್ಳಿ, ಸರಪಳಿ, ಕತ್ತರಿ, ಚಿಟ್ಟೆಗಳಿಂದ ತುಂಬಿದೆ. ಅಲ್ಲಿ ಹತ್ತಿಯ ಉಂಡೆಗಳಂತಹ ಪುಟ್ಟ ಜೀವಿಗಳು ದೊಡ್ಡ ಮೀಸೆಗಳನ್ನು ಹೊತ್ತು ಸುಳಿದಾಡುತ್ತವೆ. ಅವುಗಳಿಗೆ ಆಂತೋನಿ ಎಂದು ಹೆಸರು. ತೋಟದ ಕೆಲಸವೇ ಅವುಗಳ ಕಾಯಕ. ಮೊದಲ ನೋಟಕ್ಕೆ ನಗು ಬರುತ್ತದೆ. ಅವು ಸುತ್ತುಗಟ್ಟಿ ಹುಡುಗಿಯರತ್ತ ಸರಿದು ಬರುವಾಗ ಆ ನಗು ನಿಲ್ಲುತ್ತದೆ.

ಆ ಸಮಯಕ್ಕೆ ಸರಿಯಾಗಿ ಮಾಮಿ ತೊಮೊಯೆ ಎಂಬ ಹಿರಿಯ ವಿದ್ಯಾರ್ಥಿನಿ ಬಂದು ಅವರನ್ನು ಪಾರುಮಾಡುತ್ತಾಳೆ. ಮಾಮಿ ಒಬ್ಬ ಮಾಯಾಬಾಲೆ. ಬೆಳ್ಳಗೆ ಬೆಕ್ಕಿನಂತಿರುವ ಕ್ಯೂಬೆ ಎಂಬ ಪ್ರಾಣಿಯೊಡನೆ ಆಕೆ ಕರಾರು ಮಾಡಿಕೊಂಡಿದ್ದಾಳೆ. ಕರಾರಿನ ಷರತ್ತು ಸರಳ: ಯಾವುದಾದರೂ ಒಂದು ಕೋರಿಕೆಯನ್ನು ಕ್ಯೂಬೆ ನೆರವೇರಿಸುತ್ತಾನೆ, ಅದಕ್ಕೆ ಪ್ರತಿಯಾಗಿ ಹುಡುಗಿ ಮಾಟಗಾತಿಯರೊಡನೆ ಹೋರಾಡಬೇಕು. ಕೋರಿಕೆ ಈಡೇರಿದ ಕ್ಷಣದಲ್ಲಿ ಅವಳ ಕೈಗೆ ಹೊಳೆಯುವ ಒಂದು ಆತ್ಮಮಣಿ ಬರುತ್ತದೆ. ಅವಳ ಶಕ್ತಿಯೆಲ್ಲ ಅದರಲ್ಲಿದೆ.

ಎರಡನೆಯ ಕಂತಿನಲ್ಲಿ ಮಾಮಿ ಆ ಇಬ್ಬರನ್ನೂ ಕರೆದುಕೊಂಡು ಗೆರ್ಟ್ರೂಡಳನ್ನು ಹುಡುಕಿ ಹೊರಡುತ್ತಾಳೆ. ಪಾಳುಬಿದ್ದ ಕಟ್ಟಡವೊಂದರ ಮಾಳಿಗೆಯಿಂದ ಕಛೇರಿಯ ಉದ್ಯೋಗಿಯಂತೆ ತೋರುವ ಹೆಂಗಸೊಬ್ಬಳು ಕೆಳಗೆ ಹಾರುತ್ತಾಳೆ. ಮಾಮಿ ತನ್ನ ಮಾಯೆಯ ಪಟ್ಟಿಗಳನ್ನು ಬೀಸಿ ಆಕೆಯನ್ನು ನಡುವೆಯೇ ತಡೆದು ನೆಲಕ್ಕಿಳಿಸುತ್ತಾಳೆ. ಹೆಂಗಸಿನ ಕೊರಳ ಮೇಲೆ ಒಂದು ಗುರುತು ಮೂಡಿದೆ. ಅದಕ್ಕೆ 'ಮಾಟಗಾತಿಯ ಮುತ್ತು' ಎನ್ನುತ್ತಾರೆ. ಅದು ತಾಗಿದವರು ಬದುಕಿನ ಆಸೆಯನ್ನು ಕಳೆದುಕೊಂಡು ಸಾವಿನ ಕಡೆಗೆ ನಡೆಯುತ್ತಾರೆ. ಊರಿನಲ್ಲಿ ಕಾರಣ ತಿಳಿಯದೆ ನಡೆಯುವ ಆತ್ಮಹತ್ಯೆ, ಕೊಲೆಗಳ ಹಿಂದೆ ಹೆಚ್ಚಾಗಿ ಮಾಟಗಾತಿಯರ ಕೈವಾಡವಿರುತ್ತದೆಂದು ಮಾಮಿ ವಿವರಿಸುತ್ತಾಳೆ. ಗೆರ್ಟ್ರೂಡಳ ಅಪರಾಧ ಹೀಗೆ ಕಣ್ಣೆದುರಿಗೇ ಸಾಬೀತಾಗುತ್ತದೆ.

ಒಳಗೆ ಕೊನೆಯ ಬಾಗಿಲಿನಾಚೆ ಆಕೆ ಇದ್ದಾಳೆ. ಭಾರವಾದ ದೇಹ, ಬೆನ್ನಿಗೆ ಚಿಟ್ಟೆಯ ರೆಕ್ಕೆ, ಮುಖವಿರಬೇಕಾದ ಕಡೆ ಹಸಿರಾಗಿ ಕರಗಿ ಇಳಿಯುವ ಒಂದು ಮುದ್ದೆ, ಆ ಮುದ್ದೆಯ ತುಂಬ ಗುಲಾಬಿಗಳು. ಮಾಮಿ ಒಳನುಗ್ಗಿದೊಡನೆಯೇ ಕಾಲಡಿಯಲ್ಲಿದ್ದ ಪುಟ್ಟ ಜೀವಿಯೊಂದನ್ನು ಬೇಕೆಂದೇ ತುಳಿಯುತ್ತಾಳೆ. ಮಾಟಗಾತಿ ಕೆರಳಿ ತಾನು ಕುಳಿತಿದ್ದ ಆಸನವನ್ನೇ ಎತ್ತಿ ಎಸೆಯುತ್ತಾಳೆ. ಬಳ್ಳಿಗಳು ಮಾಮಿಯನ್ನು ಹಿಡಿದು ತಲೆಕೆಳಗಾಗಿ ತೂಗುತ್ತವೆ. ಆದರೆ ನೆಲಕ್ಕೆ ಹಾರಿಸಿದ್ದ ಗುಂಡುಗಳಿಂದ ಪಟ್ಟಿಗಳು ಮೊಳೆತು ಮಾಟಗಾತಿಯನ್ನೇ ಕಟ್ಟಿಹಾಕುತ್ತವೆ. ಬಳಿಕ ದೊಡ್ಡ ಫಿರಂಗಿಯ ಒಂದೇ ಹೊಡೆತ. ತೋಟ ಮಾಯವಾಗುತ್ತದೆ. ಮಾಮಿ ಏನೂ ನಡೆಯಲಿಲ್ಲವೆಂಬಂತೆ ಚಹದ ಬಟ್ಟಲನ್ನು ತುಟಿಗಿಡುತ್ತಾಳೆ. ಇಬ್ಬರು ಹುಡುಗಿಯರೂ ಬೆರಗಾಗುತ್ತಾರೆ. ನೋಡುಗರೂ ಚಪ್ಪಾಳೆ ತಟ್ಟುತ್ತಾರೆ.

ಇಲ್ಲಿಗೆ ಹಳೆಯ ಅಚ್ಚಿನ ಕಥೆ ಪೂರ್ಣವಾಯಿತು. ಮಾಟಗಾತಿ ಸತ್ತಳು, ಹೆಂಗಸು ಬದುಕಿದಳು. ಸತ್ತವಳು ಬಿಟ್ಟುಹೋದ ಸಣ್ಣದೊಂದು ಕಪ್ಪು ವಸ್ತುವನ್ನು ಮಾಮಿ ಎತ್ತಿಕೊಳ್ಳುತ್ತಾಳೆ. ಅದರ ಹೆಸರು ಶೋಕಬೀಜ. ಹೋರಾಡಿ ಹೋರಾಡಿ ಮಸುಕಾದ ಆತ್ಮಮಣಿಯನ್ನು ಅದಕ್ಕೆ ತಾಗಿಸಿದರೆ ಮಾಲಿನ್ಯವೆಲ್ಲ ಬೀಜಕ್ಕೆ ಇಳಿದು ಮಣಿ ಮತ್ತೆ ಹೊಳೆಯುತ್ತದೆ. ಇನ್ನೊಂದು ಸಲದ ಬಳಕೆಗೆ ಆಗುವಷ್ಟು ಉಳಿದಿದ್ದ ಆ ಬೀಜವನ್ನು ಮಾಮಿ, ಕತ್ತಲೆಯಲ್ಲಿ ನಿಂತು ನೋಡುತ್ತಿದ್ದ ಹೊಮುರಾ ಎಂಬ ಇನ್ನೊಬ್ಬ ಮಾಯಾಬಾಲೆಯ ಕಡೆಗೆ ಎಸೆಯುತ್ತಾಳೆ. ಹೊಮುರಾ ಅದನ್ನು ಹಿಂದಕ್ಕೆ ಎಸೆದುಬಿಡುತ್ತಾಳೆ. ಆಕೆಯದು ಬರಿಯ ಬಿಗುಮಾನವೆಂದು ಆಗ ತೋರುತ್ತದೆ.

ಮಾಟಗಾತಿಯರನ್ನು ಕುರಿತು ಚಿತ್ರಮಾಲೆಯ ತಯಾರಕರು ಒಂದೊಂದು ಕಿರುಪರಿಚಯವನ್ನು ಪ್ರಕಟಿಸಿದರು. ಗೆರ್ಟ್ರೂಡಳ ಪರಿಚಯದ ತಾತ್ಪರ್ಯ ಹೀಗಿದೆ: ಅವಳ ಸ್ವಭಾವ ಅಪನಂಬಿಕೆ. ಎಲ್ಲಕ್ಕಿಂತ ಅವಳಿಗೆ ಗುಲಾಬಿಗಳೇ ಹೆಚ್ಚು. ತನ್ನ ಶಕ್ತಿಯನ್ನೆಲ್ಲ ಅವುಗಳ ಚೆಲುವಿಗಾಗಿಯೇ ವ್ಯಯಮಾಡುತ್ತಾಳೆ. ದಾರಿತಪ್ಪಿ ಬಂದ ಮನುಷ್ಯರ ಜೀವಸತ್ತ್ವವನ್ನು ಹೀರಿ ಗುಲಾಬಿಗಳಿಗೆ ಹಂಚುತ್ತಾಳೆ. ಆದರೆ ಆ ಮನುಷ್ಯರು ತೋಟದೊಳಗೆ ಹೂಗಳನ್ನು ತುಳಿದಾಡುವುದನ್ನು ಮಾತ್ರ ಸಹಿಸಳು. ಅವಳಿಗೆ ಸಲ್ಲುವ ಚರಿತ್ರೆ ಇಷ್ಟೇ. ಮಾಟಗಾತಿಯರ ಲೋಕದ ಗೋಡೆಗಳ ಮೇಲೆ ವಿಚಿತ್ರವಾದ ಅಕ್ಷರಗಳು ಮೂಡಿರುತ್ತವೆ. ಅವು ಈ ಚಿತ್ರಕ್ಕಾಗಿಯೇ ಹೊಸದಾಗಿ ಹೂಡಿದ ಲಿಪಿ. ಕಂತುಗಳು ಪ್ರಸಾರವಾಗುತ್ತಿದ್ದಾಗಲೇ ನೋಡುಗರು ಕುಳಿತು ಅಕ್ಷರಕ್ಕೆ ಅಕ್ಷರ ಹೊಂದಿಸಿ ಅದನ್ನು ಬಿಡಿಸಿದರು. ಓದಿ ನೋಡಿದರೆ ಭಾಷೆ ಹೆಚ್ಚಾಗಿ ಜರ್ಮನ್. ಎರಡನೆಯ ಕಂತಿನ ಗೋಡೆಬರಹದಲ್ಲಿ ಗಯಟೆಯ 'ಫೌಸ್ಟ್' ನಾಟಕದ ಪಂಕ್ತಿಗಳೇ ಇದ್ದವು. ಸೈತಾನನೊಡನೆ ಕರಾರು ಮಾಡಿಕೊಂಡ ಪಂಡಿತನ ಕಥೆ ಅದು. ಆ ಸಾಲುಗಳು ಅಲ್ಲಿ ಏಕಿದ್ದವೆಂಬುದು ಮುಂದೆ ತಿಳಿಯುತ್ತದೆ.

ಮೂರನೆಯ ಕಂತಿನಲ್ಲಿ ಆಸ್ಪತ್ರೆಯೊಂದರ ಬಳಿ ಷಾರ್ಲಟ್ ಎಂಬ ಸಿಹಿತಿಂಡಿಯ ಮಾಟಗಾತಿ ಹುಟ್ಟುತ್ತಾಳೆ. ಬೊಂಬೆಯಂತೆ ಕಾಣುವ ಆಕೆ ಎಣಿಸದ ಗಳಿಗೆಯಲ್ಲಿ ಬಾಯಿ ತೆರೆದು ಮಾಮಿಯನ್ನು ಕೊಲ್ಲುತ್ತಾಳೆ. ಚಪ್ಪಾಳೆಯ ಸದ್ದು ಅಡಗಿದ್ದು ಅಲ್ಲಿ. ಆರನೆಯ ಕಂತಿನಲ್ಲಿ ಆತ್ಮಮಣಿಯ ಗುಟ್ಟು ಒಡೆಯುತ್ತದೆ. ರಾಕ್ಷಸನ ಪ್ರಾಣ ಏಳು ಸಮುದ್ರದಾಚೆಯ ಗಿಳಿಯಲ್ಲಿರುತ್ತದೆಂಬ ಕಥೆಯನ್ನು ಕೇಳದವರಿಲ್ಲ. ಇಲ್ಲಿ ಪ್ರಾಣವನ್ನು ಹೀಗೆ ಹೊರಗಿಟ್ಟಿರುವುದು ರಾಕ್ಷಸನದಲ್ಲ, ನಾಯಿಕೆಯರದು. ಮಣಿಯೆಂದರೆ ಆ ಹುಡುಗಿಯ ಆತ್ಮವೇ. ಕರಾರಾದ ದಿನವೇ ಕ್ಯೂಬೆ ಅದನ್ನು ದೇಹದಿಂದ ತೆಗೆದು ಕೈಗಿತ್ತಿದ್ದಾನೆ. ನೂರು ಮೀಟರಿಗಿಂತ ಆಚೆಗೆ ಮಣಿ ಹೋದರೆ ದೇಹ ಹೆಣವಾಗಿ ಕುಸಿಯುತ್ತದೆ.

ಎಂಟನೆಯ ಕಂತಿನಲ್ಲಿ ಉಳಿದ ಸತ್ಯವೂ ಹೊರಬೀಳುತ್ತದೆ. ಸಾಯಾಕಾ ತಾನು ಮೆಚ್ಚಿದ ಹುಡುಗನ ನಿಸ್ಸತ್ತ್ವವಾದ ಕೈ ಗುಣವಾಗಲೆಂದು ಕೋರಿ ಮಾಯಾಬಾಲೆಯಾಗಿದ್ದಳು. ಆತ ಪಿಟೀಲು ವಾದಕ. ಕೈ ಗುಣವಾಯಿತು; ಆದರೆ ಅವನ ಒಲವು ಬೇರೊಬ್ಬಳ ಪಾಲಾಗುವ ಹಾಗಾಯಿತು. ದುಃಖ, ಅಸೂಯೆ, ತನ್ನ ಮೇಲೆ ತನಗೇ ಹುಟ್ಟಿದ ಹೇಸಿಗೆ ಇವುಗಳಿಂದ ಸಾಯಾಕಾಳ ಮಣಿ ದಿನದಿನಕ್ಕೆ ಕಪ್ಪಾಗುತ್ತದೆ. ಕೊನೆಗೆ ರೈಲ್ವೆ ನಿಲ್ದಾಣದ ಬೆಂಚಿನ ಮೇಲೆ ಕುಳಿತಿದ್ದಾಗ ಒಂದು ಹನಿ ಕಣ್ಣೀರು ಅದರ ಮೇಲೆ ಬೀಳುತ್ತದೆ. ಮಣಿ ಒಡೆದು ಶೋಕಬೀಜವಾಗುತ್ತದೆ. ಬೀಜದಿಂದ ಮಾಟಗಾತಿ ಹುಟ್ಟುತ್ತಾಳೆ. ಹಾಗಾದರೆ ಮಾಟಗಾತಿಯರೆಲ್ಲ ಒಂದಾನೊಂದು ಕಾಲದಲ್ಲಿ ಮಾಯಾಬಾಲೆಯರೇ. ಆಸೆಯೊಂದನ್ನು ಹೊತ್ತು ಹೊರಟು, ನಿರಾಶೆಯ ತಳವನ್ನು ಮುಟ್ಟಿದ ಹುಡುಗಿಯರು.

ಜಪಾನೀ ಭಾಷೆಯಲ್ಲಿ ಈ ಗುಟ್ಟು ಹೆಸರಿನಲ್ಲೇ ಅಡಗಿತ್ತು. ಮಾಟಗಾತಿಗೆ ಅಲ್ಲಿ 'ಮಾಜೋ' ಎನ್ನುತ್ತಾರೆ. ಮಾಯಾಬಾಲೆಗೆ 'ಮಾಹೋ ಶೋಜೋ'. 'ಶೋಜೋ' ಎಂದರೆ ಇನ್ನೂ ಹೆಂಗಸಾಗದ ಎಳೆಯ ಹುಡುಗಿ. ಮುಂದೆ ಮಾಜೋ ಆಗಲಿರುವವಳನ್ನು ಅದಕ್ಕೆ ಮೊದಲು ಮಾಹೋ ಶೋಜೋ ಎನ್ನುವುದು ಸಹಜವಲ್ಲವೇ ಎಂಬರ್ಥದ ಮಾತನ್ನು ಕ್ಯೂಬೆ ತಣ್ಣಗೆ ಆಡುತ್ತಾನೆ. ಎರಡೂ ಮಾತುಗಳ ಮೊದಲಲ್ಲಿರುವ 'ಮಾ' ಎಂಬ ಅಕ್ಷರದ ಹುಟ್ಟು ಇನ್ನೂ ಸ್ವಾರಸ್ಯವಾದದ್ದು. ಬೌದ್ಧಗ್ರಂಥಗಳು ಸಂಸ್ಕೃತದಿಂದ ಚೀನೀ ಭಾಷೆಗೆ ಇಳಿದಾಗ, ಬೋಧಿವೃಕ್ಷದಡಿಯಲ್ಲಿ ಬುದ್ಧನನ್ನು ಪ್ರಲೋಭನೆಗೊಳಿಸಲು ಬಂದ 'ಮಾರ'ನ ಹೆಸರನ್ನು ಬರೆಯಲೆಂದು ಆ ಅಕ್ಷರವನ್ನು ಕಲ್ಪಿಸಿಕೊಂಡರು. ಚೀನದಿಂದ ಅದು ಜಪಾನಿಗೆ ಹೋಯಿತು. ಹೀಗೆ ಭಾರತದ ಮಾರನೇ ದೂರದ ನಾಡಿನ ಹುಡುಗಿಯರ ಹೆಸರಿನಲ್ಲಿ ಕುಳಿತಿದ್ದಾನೆ. ಕ್ಯೂಬೆಯ ಕೆಲಸವೂ ಮಾರನ ಕೆಲಸವೇ: ಆಸೆಯನ್ನು ತೋರಿಸುವುದು.

ಕ್ಯೂಬೆಗೆ ಇದರಿಂದ ಏನು ಲಾಭವೆಂಬುದನ್ನು ಒಂಬತ್ತನೆಯ ಕಂತು ತಿಳಿಸುತ್ತದೆ. ವಿಶ್ವದಲ್ಲಿ ಉಪಯೋಗಕ್ಕೆ ಬರುವ ಶಕ್ತಿ ಕ್ರಮೇಣ ಕುಗ್ಗುತ್ತಿದೆ; ಆ ನಷ್ಟವನ್ನು ತುಂಬಲು ಅವನ ಜನ ಮನುಷ್ಯರ ಭಾವನೆಯಿಂದ ಶಕ್ತಿ ತೆಗೆಯುವ ಉಪಾಯವನ್ನು ಕಂಡುಹಿಡಿದಿದ್ದಾರೆ. ಎಳೆಯ ಹುಡುಗಿಯೊಬ್ಬಳು ಭರವಸೆಯಿಂದ ಹತಾಶೆಗೆ ಉರುಳುವ ಕ್ಷಣದಲ್ಲಿ ಹೊಮ್ಮುವ ಶಕ್ತಿ ಎಲ್ಲಕ್ಕಿಂತ ಹೆಚ್ಚಿನದಂತೆ. ಅವನ ಮಾತಿನಲ್ಲಿ ದ್ವೇಷವಿಲ್ಲ, ಲೆಕ್ಕವಿದೆ. ಫೌಸ್ಟನ ಸಾಲುಗಳು ಗೆರ್ಟ್ರೂಡಳ ಕಾಲಕ್ಕೇ ಗೋಡೆಯ ಮೇಲಿದ್ದುದರ ಅರ್ಥ ಆಗ ಹೊಳೆಯುತ್ತದೆ. ಫೌಸ್ಟ್ ವಯಸ್ಸಾದ ಪಂಡಿತ. ತಿಳಿದೇ ಕರಾರಿಗೆ ಒಪ್ಪಿದ. ಈ ಹುಡುಗಿಯರಿಗೆ ಷರತ್ತಿನ ಅರ್ಧವನ್ನು ಮಾತ್ರ ಹೇಳಲಾಗಿತ್ತು.

ಇಷ್ಟೆಲ್ಲ ತಿಳಿದಮೇಲೆ ಎರಡನೆಯ ಕಂತನ್ನು ಮತ್ತೊಮ್ಮೆ ನೋಡಿದವರಿಗೆ ಅದು ಬೇರೆಯದೇ ಚಿತ್ರವಾಗಿ ಕಾಣುತ್ತದೆ. ಮಾಮಿ ತನ್ನ ಮಣಿಯನ್ನು ಬೆಳಗಿಕೊಂಡದ್ದು ಇನ್ನೊಬ್ಬ ಹುಡುಗಿಯ ಆತ್ಮದ ಉಳಿಕೆಯಿಂದ. ಹೊಮುರಾ ಆ ಬೀಜವನ್ನು ಹಿಂದಕ್ಕೆಸೆದಾಗ ಅದೇನೆಂಬುದು ಆಕೆಗೆ ಗೊತ್ತಿತ್ತು. ಚಪ್ಪಾಳೆ ತಟ್ಟಿದವರಿಗೆ ಮಾತ್ರ ಗೊತ್ತಿರಲಿಲ್ಲ.

ಹಾಗಾದರೆ ಗೆರ್ಟ್ರೂಡ್ ಮೊದಲು ಯಾರಾಗಿದ್ದಳು? ಹನ್ನೆರಡು ಕಂತುಗಳಲ್ಲಿ ಎಲ್ಲಿಯೂ ಆ ಹುಡುಗಿಯ ಮುಖ ಕಾಣುವುದಿಲ್ಲ. ಅವಳ ಕೋರಿಕೆ ಏನಿತ್ತೆಂಬುದೂ ಬರುವುದಿಲ್ಲ. ಪೂರ್ವಕಥೆ ತಿಳಿದಿರುವ ಬೇರೆ ಮಾಟಗಾತಿಯರನ್ನು ನೋಡಿದರೆ ಮಾತ್ರ ಒಂದು ಸುಳಿವು ದೊರೆಯುತ್ತದೆ. ಸಾಯಾಕಾ ಆದ ಮಾಟಗಾತಿಯ ಹೆಸರು ಒಕ್ತಾವಿಯಾ. ಆಕೆಯ ಮಾಯಾವ್ಯೂಹ ಒಂದು ಸಂಗೀತ ಸಭಾಂಗಣ. ಅಲ್ಲಿ ಮುಗಿಯದ ಕಛೇರಿಯೊಂದು ನಡೆಯುತ್ತಲೇ ಇರುತ್ತದೆ. ಮೆಚ್ಚಿದ ಹುಡುಗನನ್ನು ಮರೆತಿದ್ದರೂ ಪಿಟೀಲನ್ನು ಆಕೆ ಮರೆತಿಲ್ಲ. ಮಾಮಿಯನ್ನು ಕೊಂದ ಷಾರ್ಲಟ್ ಬೇಕಾದ ತಿಂಡಿಯನ್ನೆಲ್ಲ ಸೃಷ್ಟಿಸಬಲ್ಲಳು; ತನಗೆ ಅತ್ಯಂತ ಪ್ರಿಯವಾದ ಚೀಸನ್ನು ಮಾತ್ರ ಸೃಷ್ಟಿಸಲಾರಳು. 2013ರ ಚಲಚ್ಚಿತ್ರದಲ್ಲಿ ಆಕೆಗೆ ನಾಗಿಸಾ ಎಂಬ ಪುಟ್ಟ ಹುಡುಗಿಯ ರೂಪ ಮರಳಿ ದೊರೆಯಿತು. ಚೀಸಿನ ಆಸೆಯೂ ಜೊತೆಯಲ್ಲೇ ಬಂತು.

ಇನ್ನೂ ಮರುಕ ಹುಟ್ಟಿಸುವ ಉದಾಹರಣೆ 2012ರ ಮಾರ್ಚಿಯಲ್ಲಿ ಬಂದ ಆಟದಲ್ಲಿದೆ. ಕೈಯಲ್ಲಿ ಹಿಡಿದು ಆಡುವ ಪ್ಲೇಸ್ಟೇಷನ್ ಪೋರ್ಟಬಲ್ ಯಂತ್ರಕ್ಕಾಗಿ ತಯಾರಾದ ಈ ಆಟದಲ್ಲಿ ಆಡುವವರು ಮಾಟಗಾತಿಯರ ಮಾಯಾವ್ಯೂಹಗಳನ್ನು ಹೊಕ್ಕು ಹೋರಾಡಬೇಕು. ಮಣಿ ಕಪ್ಪಾಗದಂತೆ ನೋಡಿಕೊಳ್ಳಬೇಕು. ಗೆರ್ಟ್ರೂಡ್ ಅಲ್ಲಿಯೂ ಎದುರಾಗುತ್ತಾಳೆ. ಟೆಲಿವಿಷನ್ನಿನ ಕಥೆ ಒಂದೇ ದಾರಿಯಲ್ಲಿ ಸಾಗಿದರೆ ಆಟದಲ್ಲಿ ಕಥೆ ಕವಲೊಡೆಯುತ್ತದೆ. ಅಂತಹ ಒಂದು ಕವಲಿನಲ್ಲಿ ಮಾಮಿಯೇ ಮಾಟಗಾತಿಯಾಗುತ್ತಾಳೆ. ಕ್ಯಾಂಡೆಲೋರೋ ಎಂಬುದು ಆಗ ಅವಳ ಹೆಸರು; ಸ್ವಭಾವ, ಆಮಂತ್ರಣ. ಒಂಟಿತನವನ್ನು ತಾಳಲಾರದ ಈ ಮೃದುಮನಸ್ಸಿನ ಮಾಟಗಾತಿ, ಬಂದ ಅತಿಥಿಗಳನ್ನು ಹಿಂದಿರುಗಿ ಹೋಗಲು ಬಿಡುವುದಿಲ್ಲ. ಮಾಮಿಯ ಬಾಳು ತಿಳಿದವರಿಗೆ ಇದರ ವಿವರಣೆ ಬೇಕಾಗಿಲ್ಲ. ಕಾರು ಅಪಘಾತದಲ್ಲಿ ಸಾಯುತ್ತಿದ್ದಾಗ ಬದುಕಬೇಕೆಂದಷ್ಟೇ ಕೋರಿದವಳು ಅವಳು. ಅಂದಿನಿಂದ ಒಬ್ಬಳೇ ವಾಸ. ಮದೋಕಾ, ಸಾಯಾಕಾ ಮನೆಗೆ ಬಂದ ದಿನ ಚಹ, ಕೇಕು ಇಟ್ಟು ಸಂಭ್ರಮದಿಂದ ಉಪಚರಿಸಿದ್ದಳು. ಆ ಉಪಚಾರವೇ ಮಾಟಗಾತಿಯ ಕೈಯಲ್ಲಿ ಸೆರೆಮನೆಯಾಯಿತು.

ಮಾಟಗಾತಿಯರ ಲಕ್ಷಣ ಇದರಿಂದ ಸ್ಪಷ್ಟವಾಗುತ್ತದೆ. ಹುಡುಗಿ ಹತಾಶಳಾದಾಗ ಅವಳ ಒಲವು ಸಾಯುವುದಿಲ್ಲ. ಒಲವಿನ ಜೊತೆಗಿದ್ದ ವಿವೇಕ ಸಾಯುತ್ತದೆ. ಏನನ್ನು ಪ್ರೀತಿಸಿದ್ದಳೋ ಅದು ಉಳಿಯುತ್ತದೆ. ಏಕೆ ಪ್ರೀತಿಸಿದ್ದಳೆಂಬುದು ಅಳಿಯುತ್ತದೆ. ಈ ದೃಷ್ಟಿಯಿಂದ ಗುಲಾಬಿ ತೋಟವನ್ನು ನೋಡಬೇಕು. ಅಪನಂಬಿಕೆ ಹುಟ್ಟಬೇಕಾದರೆ ಮೊದಲು ನಂಬಿಕೆ ಇದ್ದಿರಬೇಕು. ಯಾರನ್ನೋ ನಂಬಿ, ಆ ನಂಬಿಕೆ ಮುರಿದು, ಮಾತಾಡದ, ಮೋಸಮಾಡದ ಹೂಗಳ ನಡುವೆ ಆಕೆ ಬಾಗಿಲು ಹಾಕಿಕೊಂಡಿರಬಹುದು. ಅಥವಾ ಆಕೆಯ ಕಥೆ ಬೇರೆಯೇ ಇದ್ದಿರಬಹುದು. ಒಂದು ಮಾತು ಮಾತ್ರ ಸಂದೇಹವಿಲ್ಲದ್ದು: ಎಲ್ಲೋ ಒಂದು ಕಡೆ ಗುಲಾಬಿಗಳನ್ನು ಬಲ್ಲ ಒಬ್ಬ ಹುಡುಗಿ ಇದ್ದಳು. ಮಾಮಿ ಒಳಹೊಕ್ಕು ಕಾಲಿಟ್ಟು ತುಳಿದಾಗ ಎದ್ದು ಆಸನವನ್ನು ಎಸೆದದ್ದು ಆ ಹುಡುಗಿಯಲ್ಲಿ ಉಳಿದಿದ್ದ ಕಟ್ಟಕಡೆಯ ಭಾಗ.

ಇಲ್ಲಿ ಒಂದು ಆಕ್ಷೇಪಣೆ ಬರುವುದು ಸಹಜ. ಗೆರ್ಟ್ರೂಡಳಿಗಾಗಿ ಮರುಗುವವರು ಮಾಳಿಗೆಯಿಂದ ಹಾರಿದ ಆ ಹೆಂಗಸನ್ನು ಮರೆತರೇ? ಆಕೆಗೂ ಮನೆಯಿದ್ದಿರಬಹುದು, ಸಂಜೆಗೆ ದಾರಿ ಕಾಯುವವರಿದ್ದಿರಬಹುದು. ಮಾಮಿ ಒಂದು ಗಳಿಗೆ ಹಿಂದೆಮುಂದೆ ನೋಡಿದ್ದರೆ ಆಕೆ ನೆಲಕ್ಕಪ್ಪಳಿಸುತ್ತಿದ್ದಳು. ಆಕ್ಷೇಪಣೆ ನ್ಯಾಯವಾದದ್ದೇ. ಚಿತ್ರಮಾಲೆಯೂ ಇದನ್ನು ಅಲ್ಲಗಳೆಯುವುದಿಲ್ಲ. ಮಾಟಗಾತಿ ಮೊದಲು ಹುಡುಗಿಯಾಗಿದ್ದಳೆಂಬ ಕಾರಣಕ್ಕೆ ಅವಳ ಮುತ್ತಿನ ವಿಷ ಇಳಿಯುವುದಿಲ್ಲ. ಮಾಮಿಯ ಗುಂಡು ತಪ್ಪೆಂದು ಯಾವ ಕಂತೂ ಹೇಳುವುದಿಲ್ಲ. ಅದು ಸಲ್ಲಬೇಕಾಗಿದ್ದ ಗುಂಡು. ಆದರೆ ಚಪ್ಪಾಳೆಗೆ ತಕ್ಕದ್ದಲ್ಲ.

ಈ ಸತ್ಯ ಮಾಮಿಗೆ ತಿಳಿದಿದ್ದರೆ ಏನಾಗುತ್ತಿತ್ತೆಂಬುದನ್ನೂ ಕಥೆಗಾರ ತೋರಿಸಿದ್ದಾನೆ. ಹೊಮುರಾ ಮದೋಕಾಳನ್ನು ಉಳಿಸಬೇಕೆಂದು ಅದೇ ಒಂದು ತಿಂಗಳನ್ನು ಮತ್ತೆ ಮತ್ತೆ ಹಿಂದಕ್ಕೆ ತಿರುಗಿಸಿ ಬದುಕಿದ್ದಾಳೆ. ಹತ್ತನೆಯ ಕಂತಿನಲ್ಲಿ ಆ ಹಿಂದಿನ ಸುತ್ತುಗಳು ಬರುತ್ತವೆ. ಅಂತಹ ಒಂದು ಸುತ್ತಿನಲ್ಲಿ ಮಾಮಿಗೆ ನಿಜ ತಿಳಿಯುತ್ತದೆ. ಮಣಿಗಳಿಂದ ಮಾಟಗಾತಿಯರು ಹುಟ್ಟುವುದಾದರೆ ಎಲ್ಲರೂ ಸಾಯುವುದೊಂದೇ ಉಳಿದಿರುವ ದಾರಿಯೆಂದು ಅವಳು ಜೊತೆಯವಳನ್ನೇ ಕೊಲ್ಲುತ್ತಾಳೆ; ಹೊಮುರಾಳ ಕಡೆಗೂ ಬಂದೂಕು ತಿರುಗಿಸುತ್ತಾಳೆ. ಅಳುತ್ತಲೇ ಮದೋಕಾ ಅವಳನ್ನು ಕೊಲ್ಲಬೇಕಾಗುತ್ತದೆ. ಅಷ್ಟು ವರ್ಷ ತಾನು ಬೇಟೆಯಾಡಿದ್ದು ಯಾರನ್ನು ಎಂಬ ಅರಿವನ್ನು ಮಾಮಿಯಂತಹ ಗಟ್ಟಿಗಿತ್ತಿಯೂ ತಡೆದುಕೊಳ್ಳಲಿಲ್ಲ. ನಿಜವನ್ನು ತಿಳಿಯದಿರುವುದೂ ಅಪಾಯ, ತಿಳಿಯುವುದೂ ಅಪಾಯವೆಂಬ ಇಕ್ಕಟ್ಟಿನಲ್ಲಿ ಕಥೆ ಬಂದು ನಿಲ್ಲುತ್ತದೆ.

ಆ ಇಕ್ಕಟ್ಟಿನಿಂದ ಹೊರಬರುವ ದಾರಿಯನ್ನು ಕಂಡುಕೊಳ್ಳುವವಳು ಮದೋಕಾ. ಹನ್ನೊಂದು ಕಂತುಗಳವರೆಗೆ ಕರಾರಿಗೆ ಒಪ್ಪದೆ ಬರಿಯ ನೋಡುವವಳಾಗಿಯೇ ಉಳಿದಿದ್ದ ಹುಡುಗಿ ಆಕೆ. ಕೊನೆಯ ಕಂತಿನಲ್ಲಿ ಬಾಯಿಬಿಟ್ಟು ತನ್ನ ಕೋರಿಕೆಯನ್ನು ಹೇಳುತ್ತಾಳೆ: ಹಿಂದಿನ, ಇಂದಿನ, ಮುಂದಿನ ಎಲ್ಲ ಮಾಟಗಾತಿಯರನ್ನೂ ಅವರು ಹುಟ್ಟುವ ಮೊದಲೇ ತನ್ನ ಕೈಯಿಂದಲೇ ಇಲ್ಲವಾಗಿಸಬೇಕು. ಇದರ ಬೆಲೆಯಾಗಿ ಮದೋಕಾ ಮನುಷ್ಯಳಾಗಿ ಉಳಿಯುವುದಿಲ್ಲ. ಅವಳೊಬ್ಬಳಿದ್ದಳೆಂಬ ನೆನಪು ಹೆತ್ತ ತಾಯಿಗೂ ಸ್ಪಷ್ಟವಾಗಿ ಉಳಿಯುವುದಿಲ್ಲ. ಆದರೆ ಯಾವ ಕಾಲದಲ್ಲಿ, ಯಾವ ದೇಶದಲ್ಲಿ ಹುಡುಗಿಯೊಬ್ಬಳ ಮಣಿ ಕಪ್ಪಾಗಿ ಒಡೆಯುವ ಗಳಿಗೆ ಬಂದರೂ ಮದೋಕಾ ಅಲ್ಲಿಗೆ ಬರುತ್ತಾಳೆ. ಆ ಕಪ್ಪನ್ನು ತಾನು ತೆಗೆದುಕೊಳ್ಳುತ್ತಾಳೆ. ಹುಡುಗಿ ಸಾಯುತ್ತಾಳೆ, ನಿಜ. ಮಾಟಗಾತಿಯಾಗಿ ಯಾರನ್ನೂ ಕೊಲ್ಲದೆ, ತಾನು ಬಯಸಿದ್ದು ತಪ್ಪಾಗಿತ್ತೆಂದು ಶಪಿಸಿಕೊಳ್ಳದೆ ಸಾಯುತ್ತಾಳೆ.

ಈ ಕೋರಿಕೆಯಲ್ಲಿ ಒಂದು ಸೂಕ್ಷ್ಮವಿದೆ. ಮದೋಕಾ ಸಾಯಾಕಾಳೊಬ್ಬಳನ್ನು ಉಳಿಸೆಂದು ಕೇಳಬಹುದಾಗಿತ್ತು. ಮಾಮಿಯನ್ನು ಬದುಕಿಸೆಂದು ಕೇಳಬಹುದಾಗಿತ್ತು. ಪ್ರೀತಿಪಾತ್ರರ ಹೆಸರು ಹಿಡಿದು ಬೇಡುವುದು ಮನುಷ್ಯಸ್ವಭಾವ. ಆಕೆ ಹಾಗೆ ಮಾಡಲಿಲ್ಲ. "ಎಲ್ಲ" ಎಂಬ ಒಂದೇ ಮಾತಿನಲ್ಲಿ ಗೆಳತಿಯರ ಜೊತೆಗೆ, ಮೊದಲ ದಿನ ತನ್ನನ್ನು ಕೊಲ್ಲಲು ಬಂದಿದ್ದ ಗುಲಾಬಿ ತೋಟದ ಅನಾಮಿಕಳೂ ಸೇರಿಹೋದಳು. ಯಾರೂ ಮೊರೆಯಿಡದಿದ್ದ, ಯಾರೂ ನೆನೆಯದಿದ್ದ ಸಣ್ಣ ವೈರಿಯ ಪಾಲಿಗೂ ಒಂದು ಬಿಡುಗಡೆ ಬಂತು.

2011ರಲ್ಲಿ ಈ ಚಿತ್ರಮಾಲೆ ಜಪಾನಿನ ಮಾಧ್ಯಮ ಕಲೆಗಳ ಉತ್ಸವದಲ್ಲಿ ಅನಿಮೇಷನ್ ವಿಭಾಗದ ಮಹಾಪ್ರಶಸ್ತಿಯನ್ನು ಪಡೆಯಿತು. ಕಥೆಯ ತಿರುವುಗಳನ್ನೂ ಬಣ್ಣಗಾರಿಕೆಯನ್ನೂ ಹೊಗಳಿದವರು ಬಹಳ. ತಂದೆತಾಯಿಗಳು ಇದನ್ನು ಎಳೆಯ ಮಕ್ಕಳ ಮುಂದಿಡುವ ಮೊದಲು ಯೋಚಿಸಬೇಕೆಂಬುದೂ ನಿಜವೇ. ಮುದ್ದುಮುಖದ ಬೊಂಬೆಗಳನ್ನು ಕಂಡು ಇದು ಶಿಶುವಿನೋದವೆಂದು ತಿಳಿದರೆ ಮೂರನೆಯ ಕಂತಿಗೇ ಪಶ್ಚಾತ್ತಾಪವಾದೀತು. ಆದರೆ ಸ್ವಲ್ಪ ತಿಳಿವಳಿಕೆ ಬಂದ ಮಕ್ಕಳೊಡನೆ ಕುಳಿತು ನೋಡಿದ ಮನೆಯಲ್ಲಿ ಮಾತು ಬೆಳೆಯದೆ ಇರುವುದಿಲ್ಲ. ಎರಡನೆಯ ಸಲ ನೋಡುವಾಗ ಮೀಸೆ ಹೊತ್ತ ಆಂತೋನಿಗಳು ಕತ್ತರಿ ಹಿಡಿದು ಬಂದಾಗ ಮೊದಲಿನಂತೆ ನಗು ಬರುವುದಿಲ್ಲ. ಅವು ಯಾರದೋ ತೋಟವನ್ನು, ಒಡತಿಗೇ ತನ್ನ ನಿಜವಾದ ಹೆಸರು ಮರೆತುಹೋದ ಮೇಲೂ, ಇನ್ನೂ ನೋಡಿಕೊಳ್ಳುತ್ತಿವೆ.